ಬ್ರೇಕ್ ಕಲ್ಲಾದರೆ ಮೊದಲು ಗಾಳಿ ನೋಡಿ

ಹಳೆಯ ಕಾರಿನ ಬ್ರೇಕ್ ಪೆಡಲ್ ಕಲ್ಲಾಗಿದೆ ಎಂದರೆ ಎಷ್ಟೋ ಗ್ಯಾರೇಜುಗಳಲ್ಲಿ ಮೊದಲು ಬಿಚ್ಚುವುದು ಚಕ್ರವನ್ನು. ಲೈನರ್ ಉಜ್ಜಿ, ಬ್ರೇಕ್ ಆಯಿಲ್ ಬದಲಿಸಿ, ಏರ್ ತೆಗೆದು ಸಂಜೆ ಕಾರು ಹೊರಗೆ ಬಿಡುತ್ತಾರೆ. ಪೆಡಲ್ ಮಾತ್ರ ಬೆಳಿಗ್ಗೆ ಇದ್ದಷ್ಟೇ ಗಟ್ಟಿ. ದೋಷ ಚಕ್ರದಲ್ಲೇ ಇರಲಿಲ್ಲ. ಬಾನೆಟ್ಟಿನ ಕೆಳಗೆ, ಪೆಡಲ್ಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಕೂತ ಬೂಸ್ಟರ್ ಕೈಬಿಟ್ಟಿತ್ತು, ಇಲ್ಲವೇ ಅದಕ್ಕೆ ಸಿಗಬೇಕಾದ ವ್ಯಾಕ್ಯೂಮ್ ಸಿಗುತ್ತಿರಲಿಲ್ಲ. ಪೆಡಲ್ ಗಟ್ಟಿಯಾದರೆ ಗಾಳಿಯ ಕಡೆ ನೋಡಬೇಕು, ಮೆತ್ತಗಾದರೆ ಎಣ್ಣೆಯ ಕಡೆ. ಇಷ್ಟು ಗೊತ್ತಿದ್ದರೆ ಅರ್ಧ ರಿಪೇರಿ ಮುಗಿದಂತೆ.

ಎಲ್ಲ ಹಳೆಯ ಕಾರಿನಲ್ಲೂ ಬೂಸ್ಟರ್ ಇರುವುದಿಲ್ಲ. ಅಂಬಾಸಿಡರ್‌ನ ಹಳೆಯ ಮಾರ್ಕ್‌ಗಳಲ್ಲಿ, ಪ್ರೀಮಿಯರ್ ಪದ್ಮಿನಿಯಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್. ಡ್ರಮ್ಮಿನೊಳಗಿನ ಮುಂದಿನ ಶೂವನ್ನು ತಿರುಗುವ ಚಕ್ರವೇ ಒಳಕ್ಕೆ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡುತ್ತದೆ. ಹಾಗಾಗಿ ಕಾಲಿನ ಬಲವೇ ಸಾಕು. ಡಿಸ್ಕಿಗೆ ಆ ಗುಣವಿಲ್ಲ, ಎಷ್ಟು ಒತ್ತುತ್ತೀರೋ ಅಷ್ಟೇ ಹಿಡಿತ. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ತಂದ ಕಾಂಟೆಸಾದ ಮುಂಚಕ್ರಗಳಿಗೆ ಡಿಸ್ಕ್ ಇತ್ತು, ಜೊತೆಗೆ ಬೂಸ್ಟರ್ ಇತ್ತು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನಿಂದ ಬಂದ ಆ ಉದ್ದನೆಯ, ಭಾರದ ಒಡಲನ್ನು ಬರೀ ಕಾಲಿನ ಬಲದಲ್ಲಿ ಮತ್ತೆ ಮತ್ತೆ ನಿಲ್ಲಿಸುವುದು ಸುಲಭವಲ್ಲ. 2002ರಲ್ಲಿ ತಯಾರಿಕೆ ನಿಂತ ಮೇಲೂ ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಅದನ್ನು ಪ್ರೀತಿಯಿಂದ ಉಳಿಸಿಕೊಂಡವರಿದ್ದಾರೆ. ಈ ವಾರದ ಮಾತು ಮುಖ್ಯವಾಗಿ ಅವರಿಗೆ.

ಬೂಸ್ಟರ್ ಎಂದರೆ ಎರಡು ಬಾಣಲೆಗಳನ್ನು ಬಾಯಿಗೆ ಬಾಯಿ ಹಚ್ಚಿ ಮುಚ್ಚಿದಂಥ ತಗಡಿನ ಡಬ್ಬ. ನಡುವೆ ರಬ್ಬರಿನ ಡಯಾಫ್ರಮ್. ಎಂಜಿನ್ ಓಡುವಾಗ ಇನ್‌ಲೆಟ್ ಮ್ಯಾನಿಫೋಲ್ಡ್ ಒಂದು ಹೋಸ್ ಮೂಲಕ ಡಬ್ಬದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಾಲು ಇಡದಿದ್ದಾಗ ಡಯಾಫ್ರಮ್ಮಿನ ಎರಡೂ ಕಡೆ ವ್ಯಾಕ್ಯೂಮ್ ಸಮನಾಗಿರುತ್ತದೆ. ಪೆಡಲ್ ಒತ್ತಿದ ಕೂಡಲೇ ಒಳಗಿನ ವಾಲ್ವ್ ಹಿಂಬದಿಗೆ ಹೊರಗಿನ ಗಾಳಿಯನ್ನು ಬಿಡುತ್ತದೆ. ಆ ಗಾಳಿ ಡಯಾಫ್ರಮ್ಮನ್ನು ಮುಂದಕ್ಕೆ ನೂಕುತ್ತದೆ, ಅದರ ರಾಡು ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಡಯಾಫ್ರಮ್ಮಿನ ಅಡ್ಡಳತೆ 20 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿನ ಮೇಲೂ 600 ಗ್ರಾಂ ಭಾರ ಬಿದ್ದರೆ ಒಟ್ಟು 190 ಕೆ.ಜಿ.ಯ ಹತ್ತಿರದ ನೂಕುಬಲ. ಇಷ್ಟನ್ನೂ ಮಾಡುವುದು ನಾವು ಉಸಿರಾಡುವ ಗಾಳಿಯೇ. ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ದೆವಾಂಡ್ರ್ 1920ರ ದಶಕದಲ್ಲಿ ರೂಪಿಸಿದ ಈ ಉಪಾಯದ ಮೂಲ ತತ್ವ ಇಂದಿಗೂ ಬದಲಾಗಿಲ್ಲ.

ಪರೀಕ್ಷೆಗೆ ಸ್ಪ್ಯಾನರ್ ಬೇಡ, ಕಾಲು ಸಾಕು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ. ಒಳಗಿನ ವ್ಯಾಕ್ಯೂಮ್ ಖರ್ಚಾಗಿ ಪೆಡಲ್ ಗಟ್ಟಿಯಾಗುತ್ತದೆ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿ ಒಂದಿಷ್ಟು ಕೆಳಗಿಳಿದರೆ ಬೂಸ್ಟರ್ ಜೀವಂತವಾಗಿದೆ. ಇಳಿಯದಿದ್ದರೆ ವ್ಯಾಕ್ಯೂಮ್ ಬರುತ್ತಿಲ್ಲ, ಇಲ್ಲವೇ ಬೂಸ್ಟರ್ ಸತ್ತಿದೆ.

ಎರಡನೆಯದು: ಒಂದೆರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ. ಮೊದಲ ಒತ್ತು ಹಗುರ, ಎರಡನೆಯದು ಬಿಗಿ, ಮೂರನೆಯದು ಇನ್ನೂ ಬಿಗಿ ಆಗಬೇಕು. ಮೊದಲ ಒತ್ತಿಗೇ ಕಲ್ಲಾಗಿದ್ದರೆ ವ್ಯಾಕ್ಯೂಮ್ ಒಳಗೆ ನಿಲ್ಲುತ್ತಿಲ್ಲ. ಮೂರನೆಯದು: ಎಂಜಿನ್ ಓಡುತ್ತಿರುವಾಗಲೇ ಪೆಡಲ್ ಒತ್ತಿ ಹಿಡಿದು ಎಂಜಿನ್ ನಿಲ್ಲಿಸಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಿದರೆ ಎಲ್ಲೋ ಗಾಳಿ ಸೋರುತ್ತಿದೆ.

ಸೋರಿಕೆಯ ಜಾಗ ಹುಡುಕುವಾಗ ಅಗ್ಗದ ಸಾಮಾನಿನಿಂದ ಶುರುಮಾಡಿ. ಮೊದಲು ಹೋಸ್. ವಯಸ್ಸಾದ ರಬ್ಬರ್ ಕ್ಲಿಪ್ಪಿನ ಹತ್ತಿರ ಸೀಳುತ್ತದೆ. ಅಡಿಕೆ ದಾಸ್ತಾನಿನ ಪಕ್ಕದಲ್ಲೇ ಕಾರು ನಿಲ್ಲಿಸುವ ಮನೆಗಳಲ್ಲಿ ಇಲಿಯೂ ಕಡಿದಿರಬಹುದು. ಬದಲಿಗೆ ನೀರಿನ ಪೈಪಾಗಲಿ ಸಾದಾ ಪೆಟ್ರೋಲ್ ಪೈಪಾಗಲಿ ಹಾಕಬೇಡಿ. ವ್ಯಾಕ್ಯೂಮ್ ಎಳೆತಕ್ಕೆ ಅದರ ಗೋಡೆಗಳು ಒಳಕ್ಕೆ ಕುಗ್ಗಿ ಅಂಟಿಕೊಳ್ಳುತ್ತವೆ. ಒಳಗೆ ನೂಲಿನ ಹೆಣಿಗೆ ಇರುವ ದಪ್ಪ ವ್ಯಾಕ್ಯೂಮ್ ಹೋಸೇ ಬೇಕು. ಆಮೇಲೆ ಎನ್‌ಆರ್‌ವಿ, ಅಂದರೆ ಒಮ್ಮುಖ ವಾಲ್ವ್. ಅದನ್ನು ಕಳಚಿ ಬಾಯಿಂದ ಊದಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ದಾಟಬೇಕು, ಎಂಜಿನ್ ಕಡೆಯಿಂದ ಊದಿದರೆ ದಾಟಬಾರದು. ಎರಡೂ ಕಡೆ ದಾಟಿದರೆ ದೋಷ ಸಿಕ್ಕಿತು.

ಇವೆರಡೂ ಸರಿಯಿದ್ದರೆ ಕಿವಿ ಕೊಡಿ. ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಕಾಲಿನ ಬಳಿ ಸುಸ್ಸೆಂದು ಗಾಳಿ ಹೋಗುವ ಸದ್ದು ಬರುತ್ತದೆಯೇ? ಎಂಜಿನ್ನಿನ ಸ್ಲೋ ಏರುಪೇರಾಗುತ್ತದೆಯೇ? ಬಟ್ಟೆ ಸುತ್ತಿದ ಇಕ್ಕಳದಿಂದ ಹೋಸನ್ನು ಮೆಲ್ಲಗೆ ಅದುಮಿ. ಎಂಜಿನ್ ತಟ್ಟನೆ ಸಮವಾಗಿ ಓಡಿದರೆ ಡಯಾಫ್ರಮ್ ಹರಿದಿದೆ ಇಲ್ಲವೇ ವಾಲ್ವ್ ಕೆಟ್ಟಿದೆ. ಕಾರ್ಬರೇಟರ್ ಮಿಸ್ಸಿಂಗ್ ಎಂದು ಜೆಟ್ ತೊಳೆಯುತ್ತಾ ಕೂತ ಎಷ್ಟೋ ಕಾರುಗಳ ನಿಜವಾದ ತೊಂದರೆ ಇದೇ.

ವ್ಯಾಕ್ಯೂಮ್ ಗೇಜ್ ಇದ್ದವರಿಗೆ ನಮ್ಮ ಊರಿಗೆ ಸಂಬಂಧಿಸಿದ ಒಂದು ಮಾತು. ಪೆಟ್ರೋಲ್ ಎಂಜಿನ್ ಸ್ಲೋದಲ್ಲಿ 18ರಿಂದ 22 ಇಂಚು ತೋರಿಸಬೇಕು ಎಂದು ಪುಸ್ತಕಗಳು ಹೇಳುವುದು ಸಮುದ್ರಮಟ್ಟದ ಲೆಕ್ಕ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ 600 ಮೀಟರ್ ಎತ್ತರದ ಆಸುಪಾಸಿನಲ್ಲಿವೆ. ಸಾವಿರ ಅಡಿಗೆ ಒಂದು ಇಂಚಿನಂತೆ ಇಲ್ಲಿ ಸುಮಾರು ಎರಡು ಇಂಚು ಕಡಿಮೆ ಬರುವುದು ಸಹಜ. ಉಡುಪಿಯಲ್ಲಿ 19 ತೋರಿಸಿದ ಎಂಜಿನ್ ಆಗುಂಬೆ ಹತ್ತಿದ ಮೇಲೆ 17 ತೋರಿಸಿದರೆ ಅದನ್ನು ಬಿಚ್ಚಬೇಕಾದ ಕಾರಣವಿಲ್ಲ.

ಹೊಸನಗರದ ಕಡೆಯ ಗೆಳೆಯರೊಬ್ಬರ ಕಾಂಟೆಸಾದಲ್ಲಿ ಬ್ರೇಕ್ ಆಯಿಲ್ ಮೆಲ್ಲಮೆಲ್ಲನೆ ಇಳಿಯುತ್ತಿತ್ತು. ನಾಲ್ಕೂ ಚಕ್ರ ಒಣಗಿದ್ದವು, ನೆಲದ ಮೇಲೆ ಒಂದು ಹನಿಯಿಲ್ಲ. "ಎಣ್ಣೆ ಎಲ್ಲಿಗೆ ಹೋಗ್ತದೆ ಮಾರಾಯ್ರೆ, ಆವಿ ಆಗ್ತದ?" ಎಂದು ಕೇಳಿದರು. ಬಾನೆಟ್ ಎತ್ತಿ ಟಾರ್ಚ್ ಹಿಡಿದಾಗ ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂಡುವ ಜಾಗದ ಕೆಳಗೆ ಕರಿ ಬಣ್ಣ ಗುಳ್ಳೆಯೆದ್ದು ಸುಲಿದಿತ್ತು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ಎರಡು ನಟ್ ಸಡಿಲಿಸಿ, ಪೈಪುಗಳನ್ನು ಕಳಚದೆ ಸಿಲಿಂಡರನ್ನು ತುಸು ಮುಂದಕ್ಕೆ ಸರಿಸಿ ಬೂಸ್ಟರಿನ ಬಾಯೊಳಗೆ ಬೆರಳಾಡಿಸಿದೆ. ಬೆರಳು ಒದ್ದೆ. ಸಿಲಿಂಡರಿನ ಹಿಂದಿನ ವಾಷರ್ ಸವೆದು ಎಣ್ಣೆಯೆಲ್ಲ ಬೂಸ್ಟರಿನ ಹೊಟ್ಟೆ ಸೇರುತ್ತಿತ್ತು. ಇಂಥಲ್ಲಿ ಬರೀ ಬೂಸ್ಟರ್ ಬದಲಿಸಿದರೆ ಅದೇ ಎಣ್ಣೆ ಹೊಸ ಡಯಾಫ್ರಮ್ಮನ್ನೂ ಉಬ್ಬಿಸಿ ಹಾಳುಮಾಡುತ್ತದೆ. ಮೊದಲು ಮಾಸ್ಟರ್ ಸಿಲಿಂಡರಿಗೆ ಹೊಸ ಕಿಟ್, ಆಮೇಲೆ ಬೂಸ್ಟರಿನ ಕೆಲಸ.

ಬೂಸ್ಟರ್ ಬಿಚ್ಚುವ ಕೆಲಸ ಮನೆಯಂಗಳದಲ್ಲಿ ಬೇಡ. ಒಳಗೆ ಬಲವಾದ ಸ್ಪ್ರಿಂಗ್ ಅದುಮಿ ಕೂತಿರುತ್ತದೆ. ತಗಡಿನ ಅಂಚನ್ನು ಉಳಿಯಿಂದ ಎಬ್ಬಿಸಿದರೆ ಅದು ಮುಖಕ್ಕೇ ಚಿಮ್ಮಬಹುದು. ಬೂಸ್ಟರ್ ಕೆಲಸವನ್ನೇ ಮಾಡುವವರ ಕೈಗೆ ಕೊಡಿ. ಶಿವಮೊಗ್ಗದಲ್ಲಿ ವಿಚಾರಿಸಿ, ಕಿಟ್ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಡಯಾಫ್ರಮ್ಮಿಗೆ ಪಂಕ್ಚರ್ ಪ್ಯಾಚ್ ಹಾಕಲು ಯಾರಾದರೂ ಹೊರಟರೆ ಒಪ್ಪಬೇಡಿ. ಬೇರೆ ಕಾರಿನ ಬೂಸ್ಟರ್ ಕೂರಿಸುವುದನ್ನೂ ನಾನು ಮೆಚ್ಚುವುದಿಲ್ಲ. ಬೋಲ್ಟ್ ರಂಧ್ರಗಳು ಹೊಂದಿದ ಮಾತ್ರಕ್ಕೆ ಪೆಡಲ್ಲಿನ ಸನ್ನೆ, ಸಿಲಿಂಡರಿನ ಬೋರ್, ರಾಡಿನ ಉದ್ದ ಹೊಂದುವುದಿಲ್ಲ. ಮೂಲ ಸಾಮಾನನ್ನೇ ಸರಿಪಡಿಸಿದ ಕಾರು ತನ್ನ ಕಾಲದ ಬ್ರೇಕಿನ ಹದವನ್ನೂ ಉಳಿಸಿಕೊಳ್ಳುತ್ತದೆ. ಹಳೆಯ ಕಾರು ಇಟ್ಟುಕೊಳ್ಳುವುದು ಆ ಹದಕ್ಕಾಗಿ ಅಲ್ಲವೇ?

ವಾಪಸ್ ಕೂರಿಸುವಾಗ ರಾಡಿನ ತುದಿಗೂ ಸಿಲಿಂಡರಿನ ಪಿಸ್ಟನ್ನಿಗೂ ನಡುವೆ ಒಂದು ಮಿಲಿಮೀಟರಿಗೂ ಕಡಿಮೆ ಸಂದು ಉಳಿಯಬೇಕು. ಕಂಪನಿ ಹೇಳಿದ ಅಳತೆಯೇ ಅಂತಿಮ. ತುದಿಗೆ ಮೆತ್ತನೆಯ ಮೇಣ ಅಂಟಿಸಿ ಸಿಲಿಂಡರ್ ಕೂರಿಸಿ ತೆಗೆದರೆ ಮೇಣ ಎಷ್ಟು ದಪ್ಪ ಉಳಿದಿದೆ ಎಂಬುದೇ ಲೆಕ್ಕ. ಸಂದೇ ಇಲ್ಲದಿದ್ದರೆ ಎಣ್ಣೆ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿ, ನಾಲ್ಕಾರು ಮೈಲಿ ಓಡುವಷ್ಟರಲ್ಲಿ ಬ್ರೇಕ್ ತಾನಾಗಿ ಹಿಡಿದು ಚಕ್ರ ಕಾಯುತ್ತದೆ.

ಡೀಸೆಲ್ ಎಂಜಿನ್ನಿನ ದಾರಿ ಬೇರೆ. ಅಲ್ಲಿ ಮ್ಯಾನಿಫೋಲ್ಡಿನಿಂದ ಬೇಕಾದಷ್ಟು ವ್ಯಾಕ್ಯೂಮ್ ಸಿಗುವುದಿಲ್ಲ, ಪ್ರತ್ಯೇಕ ಪಂಪ್ ಇರುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ಪಂಪಿನ ವೇನ್‌ಗಳು ಸವೆದರೂ, ಬೆಲ್ಟ್ ಜಾರಿದರೂ, ಆಯಿಲ್ ಪೈಪ್ ಕಟ್ಟಿದರೂ ಪೆಡಲ್ ಗಟ್ಟಿಯಾಗುತ್ತದೆ. ಬೂಸ್ಟರಿಗೆ ಕೈಹಾಕುವ ಮೊದಲು ಪಂಪಿನ ಬಾಯಿಗೆ ಗೇಜ್ ಹಿಡಿಯಿರಿ.

ನಮ್ಮಲ್ಲಿ ಇದು ಬರೀ ಶೋಕಿಯ ಮಾತಲ್ಲ. ತೀರ್ಥಹಳ್ಳಿಯಿಂದ ಕರಾವಳಿಗೆ ಆಗುಂಬೆ ಘಾಟಿಯ ಹಿಮ್ಮುರಿ ತಿರುವುಗಳು, ಹೊಸನಗರದಿಂದ ಹುಲಿಕಲ್ಲಿನ ಬಾಳೆಬರೆ ಘಾಟಿ, ಕೊಲ್ಲೂರಿಗೆ ನಾಗೋಡಿ ಇಳಿಜಾರು, ಸಾಗರದಿಂದ ಹೊನ್ನಾವರಕ್ಕೆ ಗೇರುಸೊಪ್ಪೆಯ ದಾರಿ. ಎಲ್ಲಿ ಹೋದರೂ ಇಳಿಯಲೇಬೇಕು. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವ ಹಳೆಯ ಚಟ ಬೂಸ್ಟರ್ ಇರುವ ಕಾರಿಗೆ ಪ್ರಾಣಾಂತಕ. ಎರಡು ಮೂರು ಒತ್ತಿಗೆ ದಾಸ್ತಾನು ಮುಗಿದು, ಮುಂದಿನ ತಿರುವಿನಲ್ಲಿ ಪೆಡಲ್ ಕಲ್ಲಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಿರಿಯ ಡ್ರೈವರುಗಳ ನಿಯಮಕ್ಕೆ ಇಲ್ಲೊಂದು ಹೆಚ್ಚಿನ ಕಾರಣವಿದೆ. ಸೆಕೆಂಡ್ ಗೇರಿನಲ್ಲಿ ಆಕ್ಸಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ ಕಾರನ್ನು ಹಿಡಿಯುತ್ತದೆ, ಜೊತೆಗೆ ಪೆಟ್ರೋಲ್ ಕಾರಿನ ಮ್ಯಾನಿಫೋಲ್ಡಿನಲ್ಲಿ ಅತಿ ಹೆಚ್ಚು ವ್ಯಾಕ್ಯೂಮ್ ಹುಟ್ಟುವುದೂ ಆಗಲೇ.

ಇಳಿಯುತ್ತಾ ಪೆಡಲ್ ಮೆತ್ತಗಾಗಿ ಒಳಹೋದರೆ ಅದು ಎಣ್ಣೆ ಕುದಿದ ಲಕ್ಷಣ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೆ ತಾಳಬೇಕು, ತೇವ ಹೀರಿದ ಮೇಲೆ 140 ಡಿಗ್ರಿ ತಾಳಿದರೂ ಸಾಕೆಂಬುದು ಅದರ ಮಾನದಂಡ. ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಕೊರತೆ? ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ. ಬಾಳೆಬರೆಯ ಚಂಡಿಕಾಂಬಾ ಗುಡಿಯ ಬಳಿ ನಿಂತು ಕೈಮುಗಿಯುವ ವಾಡಿಕೆಯಿಂದ ಬ್ರೇಕಿಗೂ ತಣಿಯಲು ಸಮಯ ಸಿಗುತ್ತದೆ. ಅದನ್ನು ತಪ್ಪಿಸಬೇಡಿ.

ಕೊನೆಯದಾಗಿ, ಮನೆಯಲ್ಲಿ ಆ ಕಾರು ಓಡಿಸುವ ಪ್ರತಿಯೊಬ್ಬರನ್ನೂ ಒಂದು ದಿನ ಬಯಲಿಗೆ ಕರೆದುಕೊಂಡು ಹೋಗಿ. ಎಂಜಿನ್ ಆಫ್ ಮಾಡಿ, ಪೆಡಲನ್ನು ಐದಾರು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ, ಸ್ಟೇರಿಂಗ್ ಲಾಕ್ ಬೀಳದಂತೆ ಕೀಲಿ ಆನ್ ಇಟ್ಟು, ಯಾರಿಂದಲಾದರೂ ಮೆಲ್ಲಗೆ ತಳ್ಳಿಸಿ, ಬ್ರೇಕ್ ಹಾಕಿಸಿ. ಬೂಸ್ಟರ್ ಸತ್ತರೂ ಬ್ರೇಕ್ ಸಾಯುವುದಿಲ್ಲ, ಪೂರ್ತಿ ಬಲ ಹಾಕಿ ಒತ್ತಿ ಹಿಡಿದರೆ ಕಾರು ನಿಲ್ಲುತ್ತದೆ ಎಂಬುದು ಅವರ ಕಾಲಿಗೇ ಗೊತ್ತಾಗಲಿ. ಘಾಟಿಯಲ್ಲಿ ಅಂಥ ಹೊತ್ತು ಬಂದರೆ ಗಾಬರಿಯಿಂದ ಕಾಲು ತೆಗೆದು ಮತ್ತೆ ಮತ್ತೆ ಒತ್ತುವವರಿಗಿಂತ, ಒಮ್ಮೆ ಒತ್ತಿ ಬಿಡದೆ ಹಿಡಿಯಲು ಕಲಿತವರು ಕಾರನ್ನೂ ತಮ್ಮವರನ್ನೂ ಉಳಿಸುತ್ತಾರೆ.