ಬೆನ್ನಿನ ನೀರು ತೆಗೆಯುವ ಮುನ್ನ

ಜ್ವರದ ಜೊತೆ ಫಿಟ್ಸ್ ಬಂದ ಮಗುವಿಗೆ ಮಿದುಳುಪೊರೆಯ ಸೋಂಕಿದೆಯೇ ಎಂದು ತಿಳಿಯಲು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಲೇಬೇಕೇ? ವರ್ಷ ತುಂಬದ ಕೂಸಿನಲ್ಲಂತೂ ಇದನ್ನು ಬಲವಾಗಿ ಪರಿಗಣಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1996ರಲ್ಲಿ ಹೇಳಿತ್ತು. 2011ರಲ್ಲಿ ಆ ಬಿಗಿ ಸಡಿಲವಾಯಿತು. ಕುತ್ತಿಗೆ ಬಿಗಿತದಂಥ ಲಕ್ಷಣವಿದ್ದರೆ ಸೂಜಿ ಬೇಕೇ ಬೇಕು. ಆರರಿಂದ ಹನ್ನೆರಡು ತಿಂಗಳ ಮಗುವಿಗೆ ಈ ಸೋಂಕು ತಡೆಯುವ ಹಿಬ್ ಅಥವಾ ನ್ಯುಮೋಕಾಕಲ್ ಲಸಿಕೆ ಪೂರ್ತಿಯಾಗಿರದಿದ್ದರೆ, ಇಲ್ಲವೇ ಮಗು ಆಗಲೇ ಆ್ಯಂಟಿಬಯೊಟಿಕ್ ತೆಗೆದುಕೊಂಡಿದ್ದರೆ, ವೈದ್ಯರು ಯೋಚಿಸಿ ತೀರ್ಮಾನಿಸಲಿ ಎಂದಿತು.

ಸಡಿಲಿಸಿದ್ದು ಸರಿ. ಫಿಟ್ಸ್ ನಿಂತು, ಪೂರ್ತಿ ಎಚ್ಚರವಾಗಿ, ಅಮ್ಮನನ್ನು ಗುರುತಿಸಿ ಹಾಲು ಕುಡಿಯುತ್ತಿರುವ ಎರಡು ವರ್ಷದ ಮಗುವನ್ನು ಬಾಗಿಸಿ ಹಿಡಿದು ಚುಚ್ಚುವುದರಲ್ಲಿ ಅರ್ಥವಿಲ್ಲ.

ಆದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಲ್ಲಿ ಈ ನಿಯಮವನ್ನು ಅದರ ಷರತ್ತುಗಳ ಸಮೇತ ಓದಬೇಕು. ಹಿಬ್ ಸೇರಿದ ಪೆಂಟಾವಲೆಂಟ್ ಲಸಿಕೆ ಕರ್ನಾಟಕದ ಸರ್ಕಾರಿ ಪಟ್ಟಿಗೆ ಬಂದದ್ದು 2013ರಲ್ಲಿ, ನ್ಯುಮೋಕಾಕಲ್ ಲಸಿಕೆ 2021ರಲ್ಲಿ. ಲಸಿಕೆಯ ದಾಖಲೆಯಿರುವ ತಾಯಿ ಕಾರ್ಡ್ ನೋಡದೆ ಲಸಿಕೆ ಆಗಿದೆ ಎಂದುಕೊಳ್ಳುವುದು ತಪ್ಪು. ಊರಿನ ಕ್ಲಿನಿಕ್ಕಿನ ಸಿರಪ್ ಎರಡು ದಿನ ಕುಡಿದು ಬಂದ ಮಗುವಿನಲ್ಲಿ ರೋಗದ ಚಿಹ್ನೆಗಳೇ ಮಸುಕಾಗಿರಬಹುದು.

ಅಮೆರಿಕದ ಪುಸ್ತಕ ಎಣಿಸದ ಇನ್ನೊಂದು ಸಂಗತಿ ಮಂಗನ ಕಾಯಿಲೆ. ಅದು 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮರುಕಳಿಸಿ, ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಮಂಕು ಕಾಣಿಸುತ್ತದೆ. ನೀರು ತೆಗೆಯಲೇಬೇಕೆನಿಸುವ ಹೊತ್ತು ಅದು. ಆದರೆ ಪ್ಲೇಟ್‌ಲೆಟ್ ಇಳಿಸುವ ಕಾಯಿಲೆಯೂ ಅದೇ. ಪ್ಲೇಟ್‌ಲೆಟ್ ತೀರಾ ಕಡಿಮೆಯಿರುವಾಗ ಚುಚ್ಚಿದರೆ ಬೆನ್ನುಹುರಿಯ ಸುತ್ತ ರಕ್ತಸ್ರಾವವಾದೀತು. ಹಾಗಾಗಿ ಈ ಸೀಮೆಯಲ್ಲಿ, ಅದರಲ್ಲೂ ಡಿಸೆಂಬರ್‌ನಿಂದ ಮೇವರೆಗೆ, ರಕ್ತಪರೀಕ್ಷೆ ಮೊದಲು, ಸೂಜಿ ಆಮೇಲೆ. ರಕ್ತದೊತ್ತಡ ಕುಸಿದ, ಪ್ರಜ್ಞೆ ತಪ್ಪುತ್ತಿರುವ ಮಗುವಿಗೂ ಆ ಗಳಿಗೆಯಲ್ಲಿ ಸೂಜಿ ಬೇಡ.

ಬೆನ್ನಿಗೆ ಚುಚ್ಚಿದರೆ ಕಾಲಿನ ಸ್ವಾಧೀನ ಹೋಗುತ್ತದೆ ಎಂಬ ಭಯ ಮನೆಯವರದು. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಮೇಲಿನ, ಸೊಂಟದ ಮಟ್ಟದ ಸಂದಿಗೆ. ಇದನ್ನು ಬಿಡಿಸಿ ಹೇಳುವುದೂ ವೈದ್ಯರ ಕೆಲಸವೇ.

ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 50 ಕಿಲೋಮೀಟರ್, ಸೊರಬದಿಂದ ಇನ್ನೂ ದೂರ. ಹಾಗಾಗಿ ಮಿದುಳುಪೊರೆಯ ಸೋಂಕಿನ ಬಲವಾದ ಅನುಮಾನವಿದ್ದರೆ, ನೀರು ತೆಗೆಯಲಾಗಲಿಲ್ಲವೆಂದು ಆ್ಯಂಟಿಬಯೊಟಿಕ್ ತಡೆಯಬಾರದು. ಸಾಧ್ಯವಿದ್ದರೆ ಕಲ್ಚರ್‌ಗೆ ರಕ್ತ ತೆಗೆದು, ಮೊದಲ ಡೋಸ್ ತಾಲೂಕು ಆಸ್ಪತ್ರೆಯಲ್ಲೇ ಕೊಟ್ಟು, ಕೊಟ್ಟ ಸಮಯವನ್ನು ರೆಫರಲ್ ಚೀಟಿಯಲ್ಲಿ ಬರೆಯಬೇಕು. ಡೋಸ್ ಬಿದ್ದ ಕೆಲವೇ ಗಂಟೆಗಳಲ್ಲಿ ಬೆನ್ನಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತಾಗಬಹುದು. ಸಮಯ ಗೊತ್ತಿಲ್ಲದ ವೈದ್ಯರಿಗೆ ಆ ವರದಿ ದಾರಿ ತಪ್ಪಿಸುತ್ತದೆ. ಮನೆಯವರು ಹೊರಡುವಾಗ ತಾಯಿ ಕಾರ್ಡ್ ಮತ್ತು ಮಗು ಕುಡಿದ ಸಿರಪ್ಪಿನ ಬಾಟಲಿ, ಎರಡನ್ನೂ ಮರೆಯದೆ ತರಲಿ.