ಕಾರವಾರದ ನ್ಯಾಯಸ್ಥಾನವೂ ಸಭಾಲಕ್ಷಣವೂ

ಕಾರವಾರದ ಜಿಲ್ಲಾ ನ್ಯಾಯಸ್ಥಾನವನ್ನು ಸಾಹಿತ್ಯಜ್ಞರು ಸ್ಮರಿಸುವುದು ಪ್ರಾಯಶಃ ಒಂದೇ ಪ್ರಸಂಗದಲ್ಲಿ. ಸತ್ಯೇಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಅವರ ಅನುಜರಾದ ರವೀಂದ್ರರು ಬಂದು ತಂಗಿ, ೧೮೮೪ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ'ವೆಂಬ ನಾಟಕವನ್ನು ಆ ಕಡಲತೀರದಲ್ಲಿ ರಚಿಸಿದರೆಂಬುದು ವಿದಿತವೇ ಆಗಿದೆ. ನ್ಯಾಯಾಧೀಶರ ಮನೆಗೆ ದೊರೆತ ಈ ಗೌರವದಲ್ಲಿ ಒಂದಂಶವಾದರೂ ನ್ಯಾಯಶಾಲೆಗೆ ದೊರೆತಿಲ್ಲ. ಅಂತಹ ಕಟ್ಟಡಗಳನ್ನು ಕುರಿತು ಬರೆಯುವವರು ಕಲ್ಲುಹಂಚುಗಳನ್ನು ಎಣಿಸಿ ವಿರಮಿಸುತ್ತಾರೆ. ಕಟ್ಟಡದೊಳಗೆ ಯಾರಿಗೆ ಪೀಠವಿದೆ, ಯಾರಿಗಿಲ್ಲ ಎಂಬುದನ್ನು ವಿಚಾರಿಸದೆ ಸಭೆಯ ವಿಮರ್ಶೆಯು ಪೂರ್ಣವಾಗದೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

೧೮೬೨ರಲ್ಲಿ ಉತ್ತರ ಕನ್ನಡ ಸೀಮೆಯು ಮದರಾಸಿನ ಆಡಳಿತದಿಂದ ಮುಂಬಯಿಯ ಆಡಳಿತಕ್ಕೆ ಸೇರಿತು. ಧಾರವಾಡದ ಹತ್ತಿಯನ್ನು ಹಡಗಿಗೇರಿಸಲು ಕಾರವಾರದ ಬಂದರು ಬೇಕೆಂಬ ವರ್ತಕರ ಒತ್ತಾಯವು ಇದಕ್ಕೆ ಮುಖ್ಯಕಾರಣ. ಕಾರವಾರವು ಮುಖ್ಯಪಟ್ಟಣವಾಗಿ ಕಚೇರಿಗಳು ಎದ್ದುವು. ಈ ಕರಾವಳಿಯ ಅಂದಿನ ಕಚೇರಿಗಳ ಕಟ್ಟಡಕ್ರಮವು ಮಳೆಯನ್ನು ಅನುಸರಿಸಿದ್ದು: ಚಿರೆಕಲ್ಲಿನ ದಪ್ಪಗೋಡೆ, ಸುಣ್ಣದ ಗಾರೆ, ಇಳಿಜಾರಾದ ಹಂಚಿನ ಮಾಡು, ಕಕ್ಷಿಗಾರರು ಕಾದು ಕುಳಿತುಕೊಳ್ಳುವ ಅಗಲವಾದ ಜಗಲಿ. ಜಲವೃಕ್ಷಗಳಿಂದ ಕೂಡಿದ ಸ್ಥಳದಲ್ಲಿ ಪೂರ್ವಾಭಿಮುಖವಾಗಿ ಸಭೆಯನ್ನು ಕಟ್ಟಬೇಕೆಂದು ಬೃಹಸ್ಪತಿಯು ವಿಧಿಸುತ್ತಾನೆ. ಜಲವೃಕ್ಷಗಳ ಮಟ್ಟಿಗೆ ಈ ತೀರದಲ್ಲಿ ಶಿಲ್ಪಿಗೆ ಶ್ರಮವೇ ಇಲ್ಲ.

ಆದರೆ ಅದೇ ಸ್ಮೃತಿಕಾರನು ಸಭೆಗೆ ಹತ್ತು ಅಂಗಗಳನ್ನು ಹೇಳುತ್ತಾನೆ: ರಾಜ, ಅಧ್ಯಕ್ಷ, ಸಭ್ಯರು, ಸ್ಮೃತಿ, ಗಣಕ, ಲೇಖಕ, ಹೇಮ, ಅಗ್ನಿ, ಜಲ, ಸ್ವಪುರುಷ. ಬಾಯಾರಿದವನಿಗೆ ಕೊಡುವ ನೀರೂ ಸಭೆಯ ಅಂಗವೆಂಬುದು ಗಮನಾರ್ಹ. ಈ ಹತ್ತರಲ್ಲಿ ಸಭ್ಯರ ಪೀಠವು ಕಾರವಾರದಲ್ಲಿ ಬಹುಬೇಗ ಬರಿದಾಯಿತು. ಧರ್ಮಶಾಸ್ತ್ರದ ವ್ಯವಸ್ಥೆಯನ್ನು ಹೇಳಲು ನ್ಯಾಯಸ್ಥಾನಗಳಲ್ಲಿದ್ದ ಪಂಡಿತರ ಅಧಿಕಾರವನ್ನು ೧೮೬೪ರ ಶಾಸನವು ರದ್ದುಪಡಿಸಿತು. ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ದಾಯಭಾಗದಲ್ಲಿ ಪ್ರಮಾಣವಾಗಿಯೇ ಉಳಿಯಿತು. ಆದರೆ ಕನ್ನಡನಾಡಿನ ಆ ಗ್ರಂಥವು ಕನ್ನಡನಾಡಿನ ನ್ಯಾಯಶಾಲೆಯನ್ನು ಪ್ರವೇಶಿಸಿದುದು ೧೮೧೦ರಲ್ಲಿ ಕೋಲ್‌ಬ್ರೂಕನು ಮಾಡಿದ ಇಂಗ್ಲಿಷ್ ಅನುವಾದದ ವೇಷದಲ್ಲಿ.

ಇದನ್ನು ಕೇವಲ ಹಾನಿಯೆಂದು ಪರಿಗಣಿಸುವುದು ಪಕ್ಷಪಾತವಾದೀತು. ಸ್ಮೃತಿಗಳಲ್ಲಿ ದಂಡವು ವರ್ಣಾನುಸಾರವಾಗಿ ಭೇದಗೊಳ್ಳುತ್ತದೆ. ೧೮೬೦ರಲ್ಲಿ ರಚಿತವಾಗಿ ೧೮೬೨ರಲ್ಲಿ ಜಾರಿಗೆ ಬಂದ ದಂಡಸಂಹಿತೆಯು ಆ ಭೇದವನ್ನು ಒಪ್ಪಲಿಲ್ಲ. ಪಂಡಿತರ ವ್ಯವಸ್ಥೆಗಳು ಪರಸ್ಪರ ವಿರುದ್ಧವಾಗುತ್ತಿದ್ದುವೆಂಬ ಆಕ್ಷೇಪಕ್ಕೂ ಆಧಾರವಿಲ್ಲದಿರಲಿಲ್ಲ. ಪೀಠವೊಂದು ಹೋಯಿತು, ಕಟಕಟೆಯಲ್ಲಿ ಸಮತೆಯು ಬಂದಿತು. ವಿಮರ್ಶಕನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಆ ಸಮತೆಗೂ ಪರೀಕ್ಷೆಯೊದಗಿತು. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿಯೂ ೧೯೩೨ರಲ್ಲಿ ಕರನಿರಾಕರಣೆಯಲ್ಲಿಯೂ ಅಂಕೋಲೆಯ ಜನರು ಮುಂದಾದರು. ತಪ್ಪಿಸಿಕೊಳ್ಳಲು ವಾದಿಸದೆ, ಮಾಡಿದುದನ್ನು ಒಪ್ಪಿ ಶಿಕ್ಷೆಯನ್ನು ಸ್ವೀಕರಿಸುವುದು ಸತ್ಯಾಗ್ರಹಿಗಳ ನಿಯಮ. ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ನಾಲ್ಕು ಪಾದಗಳು. ಪ್ರತಿವಾದಿಯು ಆರೋಪವನ್ನು ಒಪ್ಪಿಕೊಳ್ಳುವ ಸಂಪ್ರತಿಪತ್ತ್ಯುತ್ತರದಲ್ಲಿ ಮಾತ್ರ ಅದು ದ್ವಿಪಾದವಾಗುತ್ತದೆ. ಸಾಕ್ಷಿಗೂ ನಿರ್ಣಯಕ್ಕೂ ಕೆಲಸವಿಲ್ಲದಾಗ ವಿಚಾರಣೆಯು ಆರೋಪಿಯನ್ನು ಬಿಟ್ಟು ಶಾಸನದ ಕಡೆಗೇ ತಿರುಗುತ್ತದೆ: ಉಪ್ಪನ್ನು ಪಾತಕವೆನಿಸಿದ ವಿಧಿಯು ಧರ್ಮವೇ? ಆ ಪ್ರಶ್ನೆಯನ್ನೆತ್ತಲು ಸಭ್ಯನಿಗೆ ಪೀಠವಿರಲಿಲ್ಲ. ಆರೋಪಿಯೇ ಕಟಕಟೆಯಲ್ಲಿ ನಿಂತು ಸಭ್ಯನ ಕಾರ್ಯವನ್ನು ಮಾಡಿದನು.

ಸಭೆಯನ್ನು ಪ್ರವೇಶಿಸಬಾರದು, ಪ್ರವೇಶಿಸಿದರೆ ಸತ್ಯವನ್ನೇ ನುಡಿಯಬೇಕೆಂಬುದು ಮನುವಿನ ಅಭಿಪ್ರಾಯ. ಈ ವಿಧಿಯು ಸಭ್ಯರನ್ನುದ್ದೇಶಿಸಿದುದು. ಅದನ್ನು ನಡೆಸಿ ತೋರಿಸಿದವರು ಅಂಕೋಲೆಯ ಆರೋಪಿಗಳೆಂಬುದನ್ನು ಈ ಸೀಮೆಯ ನ್ಯಾಯಸ್ಥಾನಗಳ ಚರಿತ್ರೆಯನ್ನು ಬರೆಯುವವರು ಗೋಡೆಯ ಅಳತೆಗಿಂತ ಮೊದಲು ದಾಖಲಿಸುವುದು ಉಚಿತ.