ಎರಡು ವರ್ಕ್ ಇದೆ

ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ. ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆ ಬಹುಮಟ್ಟಿಗೆ ನಿಂತಿರುವುದು ಈ ‘ವರ್ಡ್ ಮೀನಿಂಗ್’ ನೋಟ್‌ಬುಕ್ಕಿನ ಮೇಲೆ. ಡಬ್ಲ್ಯು ಓ ಆರ್ ಕೆ ವರ್ಕ್, ವರ್ಕ್ ಅಂದರೆ ಕೆಲಸ ಎಂದು ರಾಗವಾಗಿ ಒಪ್ಪಿಸಿದ ಹುಡುಗ ಮುಂದೆ ಪದವಿ ಮುಗಿಸಿ ನೌಕರಿ ಹಿಡಿದ ಮೇಲೂ ‘ಐ ಹ್ಯಾವ್ ಎ ವರ್ಕ್’, ‘ಟೂ ವರ್ಕ್ಸ್ ಆರ್ ಪೆಂಡಿಂಗ್’ ಎನ್ನುತ್ತಾನೆ. ವ್ಯಾಕರಣ ಬಾರದವನೆಂದು ಅವನನ್ನು ಆಡಿಕೊಳ್ಳುವವರಿಗೇನೂ ಕಡಿಮೆಯಿಲ್ಲ. ಆದರೆ ತಪ್ಪು ಆ ಗೆರೆಯದು. ಕೆಲಸವನ್ನು ಅವನು ಮನೆಯಲ್ಲಿ ಎಣಿಸಿಯೇ ಬೆಳೆದವನು: ಒಂದು ಕೆಲಸ, ಎರಡು ಕೆಲಸ, ಹತ್ತಾರು ಕೆಲಸ. ಬಲಗಡೆ ಇರುವುದನ್ನು ಎಣಿಸಬಹುದಾದರೆ ಎಡಗಡೆ ಇರುವುದನ್ನೂ ಎಣಿಸಬಹುದು ಎಂದು ನೋಟ್‌ಬುಕ್ಕೇ ಅವನಿಗೆ ಕಲಿಸಿದೆ.

ಕೆಲಸ ಎಂಬ ನಮ್ಮ ಪದವೇನು ಸಾಮಾನ್ಯದ್ದೇ? ‘ಒಂದ್ ಕೆಲ್ಸ ಮಾಡಿ, ನಾಳೆ ಬನ್ನಿ’ ಎಂದಾಗ ಅಲ್ಲಿ ಮಾಡಬೇಕಾದ ಕೆಲಸವೇ ಇಲ್ಲ. ಅದು ಸಲಹೆಗೊಂದು ಪೀಠಿಕೆ. ಬೆಂಗಳೂರಿನ ಇಂಗ್ಲಿಷಿನಲ್ಲಿ ಅದು ‘ಡೂ ಒನ್ ಥಿಂಗ್’ ಆಗುತ್ತದೆ. ಗಮನಿಸಿ, ‘ಡೂ ಒನ್ ವರ್ಕ್’ ಎಂದು ಯಾರೂ ಹೇಳುವುದಿಲ್ಲ. ನೋಟ್‌ಬುಕ್ಕಿಗೆ ಗೊತ್ತಿಲ್ಲದ್ದು ನಾಲಿಗೆಗೆ ಗೊತ್ತಿದೆ. ‘ನಿಮ್ಮ ಹತ್ರ ಒಂದು ಕೆಲಸ ಇತ್ತು’ ಎಂದು ಮನೆಗೆ ಬಂದವರು ಕೇಳುತ್ತಿರುವುದು ಉಪಕಾರ. ‘ಮಗನಿಗೆ ಕೆಲಸ ಸಿಕ್ತು’ ಎಂದರೆ ಜಾಬ್. ‘ಅವರು ಕೆಲಸಕ್ಕೆ ಹೋಗಿದ್ದಾರೆ’ ಎಂಬಲ್ಲಿ ಮಾತ್ರ ವರ್ಕ್ ಮತ್ತು ಕೆಲಸ ಸರಿಸಮ ಕೂಡುತ್ತವೆ. ಎರಡೂ ಕಡೆ ಎಣಿಕೆಯ ಮಾತೇ ಇಲ್ಲ.

ಇಂಗ್ಲಿಷ್ ಕಡೆಯಿಂದ ಹೊರಟರೂ ಕಥೆ ಹೀಗೆಯೇ. ಪಿಡಬ್ಲ್ಯುಡಿ ಎಂಬ ಹೆಸರಿನ ನಡುವಿನ ಅಕ್ಷರ ವರ್ಕ್ಸ್. ವಿಶ್ವೇಶ್ವರಯ್ಯನವರು ವೃತ್ತಿ ಆರಂಭಿಸಿದ್ದು ಮುಂಬಯಿ ಪ್ರಾಂತ್ಯದ ಆ ಇಲಾಖೆಯಲ್ಲಿ. ಅವರ ಕನಸಿನ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದರ ಹೆಸರಿನಲ್ಲಿ ಇದ್ದದ್ದೂ ಐರನ್ ವರ್ಕ್ಸ್. 1951ರಲ್ಲಿ ಅವರು ಬರೆದ ಆತ್ಮಕಥನದ ಹೆಸರು ‘ಮೆಮಾಯ್ರ್ಸ್ ಆಫ್ ಮೈ ವರ್ಕಿಂಗ್ ಲೈಫ್’. ಒಂದೇ ಬೇರಿನ ಪದ ಒಬ್ಬರ ಬದುಕಿನಲ್ಲೇ ರಸ್ತೆ-ಕಾಲುವೆಯಾಯಿತು, ಕಾರ್ಖಾನೆಯಾಯಿತು, ದುಡಿದ ವರ್ಷಗಳಾಯಿತು. ಇವುಗಳಿಗೆ ಕನ್ನಡ ಕಂಡುಕೊಂಡ ಪದಗಳನ್ನು ನೋಡಿ: ಇಲಾಖೆ ಲೋಕೋಪಯೋಗಿಯಾಯಿತು, ಟೆಂಡರಿನಲ್ಲಿ ವರ್ಕ್ಸ್ ಕಾಮಗಾರಿಯಾಯಿತು, ಲೇಖಕನ ವರ್ಕ್ಸ್ ಸಮಗ್ರ ಕೃತಿಗಳಾದವು. ಎಲ್ಲೂ ‘ಕೆಲಸಗಳು’ ಇಲ್ಲ. ಕಚೇರಿಯ ಕನ್ನಡವನ್ನು ಹಳಿಯುವುದು ನಮಗೆಲ್ಲ ಅಭ್ಯಾಸ; ಆದರೆ ಈ ವಿಷಯದಲ್ಲಿ ಅದು ಶಾಲೆಯ ಕನ್ನಡಕ್ಕಿಂತ ಜಾಣತನ ತೋರಿದೆ. ಪದ ಯಾವುದರ ಪಕ್ಕ ಕೂತಿದೆ ಎಂದು ನೋಡಿ ಅರ್ಥ ಕೊಟ್ಟಿದೆ.

ಎಣಿಕೆಯ ತೊಡಕನ್ನು ಬಿಡಿಸುವುದಕ್ಕೂ ಕನ್ನಡವೇ ಸಾಕು. ಅಕ್ಕಿಯನ್ನು ನಾವು ಎಣಿಸುವುದಿಲ್ಲ, ಅಳೆಯುತ್ತೇವೆ. ಎಣಿಸಲೇಬೇಕಾದರೆ ಕಾಳು ಎನ್ನುತ್ತೇವೆ. ದುಡಿಮೆ ಎಂಬ ಅರ್ಥದಲ್ಲಿ ವರ್ಕ್ ಅಕ್ಕಿಯ ಜಾತಿಯದು. ಜಾಬ್, ಟಾಸ್ಕ್ ಕಾಳಿನ ಜಾತಿಯವು. ಹೋಂವರ್ಕ್ ಎಷ್ಟಿದ್ದರೂ ‘ಹೋಂವರ್ಕ್ಸ್’ ಆಗದಿರುವುದು ಇದರಿಂದಲೇ. ಕೃತಿ ಎಂಬ ಅರ್ಥ ಬಂದಾಗ ಮಾತ್ರ ವರ್ಕ್ ತಾನೇ ಕಾಳಾಗುತ್ತದೆ, ‘ಎ ವರ್ಕ್’ ಎನ್ನಿಸಿಕೊಳ್ಳುತ್ತದೆ. ಭೌತಶಾಸ್ತ್ರದ ವರ್ಕ್ ಕೂಡ ಜೂಲಿನಲ್ಲಿ ಅಳೆಯುವಂಥದ್ದು. (ತಲೆಯ ಮೇಲೆ ಮೂಟೆ ಹೊತ್ತು ಸಮತಟ್ಟು ನೆಲದಲ್ಲಿ ಸಮವೇಗದಿಂದ ನಡೆಯುವ ಹಮಾಲಿ ಮೂಟೆಯ ಮೇಲೆ ಕೆಲಸವನ್ನೇ ಮಾಡುತ್ತಿಲ್ಲ ಎನ್ನುತ್ತದೆ ಆ ಶಾಸ್ತ್ರ. ಅವನ ಮುಂದೆ ಹಾಗೆ ಹೇಳುವ ಧೈರ್ಯ ಯಾರಿಗಿದೆ?) ನಾಮಪದ ಎಣಿಕೆಯದೋ ಅಲ್ಲವೋ ಎಂದು ಕಲಿಯುವವರಿಗೆ ಗುರುತು ಹಾಕಿ ತೋರಿಸುವ ನಿಘಂಟನ್ನು ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟ್ರು ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ್ದು ಜಪಾನಿನಲ್ಲಿ, ಅದು 1942ರಲ್ಲಿ ಟೋಕಿಯೋದಲ್ಲೇ ಅಚ್ಚಾಯಿತು. ಪರಭಾಷಿಕರಿಗೆ ಇಂಗ್ಲಿಷ್ ಕಲಿಸಿದವರಿಗೆ ಆ ಗುರುತಿನ ಅಗತ್ಯ ಮೊದಲು ಹೊಳೆದದ್ದು ಸಹಜವೇ. ನಮ್ಮ ಕಿಸೆ ನಿಘಂಟುಗಳಿಗೆ ಮಾತ್ರ ಈಗಲೂ ಒಂದು ಪದಕ್ಕೆ ಒಂದು ಅರ್ಥ ಕೊಟ್ಟು ಕೈತೊಳೆದುಕೊಳ್ಳುವ ಅವಸರ.

ಎಳೆಯ ಮಗುವಿಗೆ ಇಷ್ಟೆಲ್ಲ ತಲೆನೋವು ಬೇಕೇ, ಹಿಡಿದುಕೊಳ್ಳಲು ಒಂದು ಕೊಂಬೆ ಸಾಲದೇ ಎಂದು ಮೇಷ್ಟ್ರುಗಳು ಕೇಳಬಹುದು. ಮಾತು ನಿಜ. ಮೂರನೇ ತರಗತಿಗೆ ‘ಕೆಲಸ’ ಸಾಕು, ಎಂಟನೆಯದಕ್ಕೆ ಸಾಲದು. ಕೊಂಬೆ ಹಿಡಿದವನು ಮರ ಹತ್ತಬೇಕಲ್ಲ. ಕನ್ನಡವನ್ನೇ ತರಗತಿಯಿಂದ ಹೊರಗಿಟ್ಟು ಇಂಗ್ಲಿಷಿನಲ್ಲೇ ಕಲಿಸಿ ಎನ್ನುವವರ ವಾದ ಇನ್ನೂ ಟೊಳ್ಳು. ಬಾಯಿ ಮುಚ್ಚಿಸಿದರೂ ಮಗು ಮನಸ್ಸಿನೊಳಗೆ ಅನುವಾದ ಮಾಡಿಕೊಳ್ಳುತ್ತದೆ. ಆಗ ಮೇಷ್ಟ್ರ ಸಹಾಯವೂ ಇಲ್ಲದೆ ಅದೇ ಗೆರೆ ಎಳೆದುಕೊಳ್ಳುತ್ತದೆ. ತುಸು ಗಟ್ಟಿಯಾದ ಆಕ್ಷೇಪ ಮೂರನೆಯದು: ‘ಐ ಹ್ಯಾವ್ ಎ ವರ್ಕ್’ ನಮ್ಮ ಇಂಗ್ಲಿಷ್, ಅದಕ್ಕೇಕೆ ನಾಚಬೇಕು? ನಾಚಬೇಕಿಲ್ಲ. ಗೆಳೆಯರ ನಡುವೆ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ನೌಕರಿಯ ಅರ್ಜಿಯಲ್ಲಿ ಯಾವುದನ್ನು ಬರೆಯಬೇಕೆಂಬ ಆಯ್ಕೆ ಇರುವುದು ಎರಡೂ ಗೊತ್ತಿದ್ದವನಿಗೆ. ಒಂದೇ ಗೊತ್ತಿದ್ದವನಿಗೆ ಆ ಸ್ವಾತಂತ್ರ್ಯವಿಲ್ಲ.

ನೋಟ್‌ಬುಕ್ಕನ್ನು ಎಸೆಯಬೇಕಿಲ್ಲ. ವರ್ಕ್ ಎಂದು ಬರೆಸಿದ ದಿನ ಬಲಗಡೆ ನಾಲ್ಕು ಸಾಲು ಖಾಲಿ ಬಿಡಿಸಿ, ಕೆಲಸ, ನೌಕರಿ, ಕಾಮಗಾರಿ, ಕೃತಿ ಇವುಗಳಲ್ಲಿ ಒಂದೊಂದಕ್ಕೆ ಒಂದೊಂದು ವಾಕ್ಯ ಮಕ್ಕಳಿಂದಲೇ ಮಾಡಿಸಿ, ಮೇಷ್ಟ್ರೇ. ಒಂದು ಪೀರಿಯಡ್ ಸಾಕು.